ಹಿತ್ತಾಳೆ ಕೇಸು ಕೆಂಪಾಯ್ತು, ಕಪ್ಪಾಯ್ತು, ಬಿರುಕು ಬಿಟ್ಟಿತು: ತಪ್ಪು ಎಲ್ಲಾಗಿದೆ ಅಂತ ಹುಡುಕುವ ಬಗೆ

ಕೇಸು ಅಂದರೆ ಗುಂಡು ಹೊಡೆದ ಮೇಲೆ ಉಳಿಯುವ ತೋಟೆಯ ಖಾಲಿ ಕೊಳವೆ, ಟಂಬ್ಲರ್ ಅಂದರೆ ಅದನ್ನು ತಿರುಗಿಸಿಯೋ ನಡುಗಿಸಿಯೋ ತೊಳೆದು ಉಜ್ಜುವ ಯಂತ್ರ. ಟಂಬ್ಲರ್‌ನಿಂದ ತೆಗೆದ ಕೇಸು ಅಂದುಕೊಂಡ ಹಾಗೆ ಹೊಳೆಯದಿದ್ದರೆ ಹೆಚ್ಚಿನವರು ಮಾಡುವುದು ಒಂದೇ. ಇನ್ನಷ್ಟು ಪಾಲಿಶ್ ಸುರಿಯುತ್ತಾರೆ, ಇನ್ನೊಂದು ಚಮಚ ಆಸಿಡ್ ಹಾಕುತ್ತಾರೆ, ಇನ್ನೆರಡು ಗಂಟೆ ಓಡಿಸುತ್ತಾರೆ. ಅದನ್ನು ಮಾಡಬೇಡಿ. ನಾನು ನೋಡಿರುವ ಹಾಳಾದ ಕೇಸುಗಳಲ್ಲಿ ಕಡಿಮೆ ತೊಳೆದು ಹಾಳಾದವು ಅಪರೂಪ, ಜಾಸ್ತಿ ತೊಳೆದು ಹಾಳಾದವೇ ಬಹಳ. ಕೇಸು ಸ್ವಚ್ಛವಾಗಿದ್ದರೆ ಸಾಕು, ಕನ್ನಡಿ ಆಗಬೇಕಿಲ್ಲ. ತೊಳೆಯುವುದು ಯಾಕೆ ಅಂದರೆ ಮರಳು, ಮಸಿ ಹೋಗಿ ಡೈ (ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಗೀಚದೆ ಇರಲಿ ಅಂತ, ಮತ್ತೆ ಬಿರುಕು ಇದ್ದರೆ ಕಣ್ಣಿಗೆ ಕಾಣಲಿ ಅಂತ. ಹೊಳಪು ನಮ್ಮ ಖುಷಿಗೆ, ಅಷ್ಟೇ.

ಇದನ್ನು ಬರೆದಿರುವುದು ಅಮೆರಿಕದಲ್ಲಿದ್ದು, ರೇಂಜ್‌ನಲ್ಲಿ ಹೊಡೆದ ಕೇಸು ಆರಿಸಿ ತಂದು ಗ್ಯಾರೇಜಿನಲ್ಲಿ ರೀಲೋಡ್ ಮಾಡುವ, ಅಂದರೆ ಹೊಸ ಪ್ರೈಮರ್ (ಬುಡದಲ್ಲಿ ಕಿಡಿ ಕೊಡುವ ಚಿಕ್ಕ ಬಟ್ಟಲು), ಪೌಡರ್ (ಮದ್ದು), ಗುಂಡು ಹಾಕಿ ಮತ್ತೆ ತುಂಬುವ ನಮ್ಮವರಿಗೆ. ಊರಲ್ಲಿ ಕೂತು ಓದುತ್ತಿದ್ದರೆ ಒಂದು ಮಾತು: ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಕೊಡವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟೆ ತಯಾರಿಸುವುದಕ್ಕಲ್ಲ.

ಮೊದಲು ಮಾಡಬೇಕಾದ ಪರೀಕ್ಷೆ

ಕೆಟ್ಟು ಕಾಣುವ ನಾಲ್ಕೈದು ಕೇಸು ಎತ್ತಿಕೊಳ್ಳಿ. ಒಣ ಬಟ್ಟೆಯಲ್ಲಿ ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಬಂದರೆ ಅದು ಧೂಳೋ ಮಸಿಯೋ ಆಗಿರುತ್ತದೆ, ಲೋಹಕ್ಕೆ ಏನೂ ಆಗಿಲ್ಲ. ಬರದಿದ್ದರೆ ಲೋಹದ ಮೇಲ್ಮೈಯೇ ಬದಲಾಗಿದೆ ಅಂತ. ಆಮೇಲೆ ಅಯಸ್ಕಾಂತ ಹಿಡಿಯಿರಿ. ಹಿತ್ತಾಳೆ ಅಂಟುವುದಿಲ್ಲ. ಅಂಟಿದರೆ ಅದು ಸ್ಟೀಲ್ ಕೇಸು, ಕೆಲವು ಸ್ಟೀಲ್ ಕೇಸುಗಳಿಗೆ ಹಿತ್ತಾಳೆ ಲೇಪ ಇರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಸಿಗುವುದಿಲ್ಲ, ಅದನ್ನು ಬೂದು ಬಣ್ಣ ಮತ್ತು ಕೈಗೆ ಹತ್ತುವ ಹಗುರದಿಂದ ಗುರುತಿಸಬೇಕು. ಒಂದು 10ಎಕ್ಸ್ ಲೂಪ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ) ಇದ್ದರೆ ಇನ್ನೂ ಒಳ್ಳೆಯದು, ಕೆಳಗೆ ಅದರ ಕೆಲಸ ಸುಮಾರು ಕಡೆ ಬರುತ್ತದೆ.

ಹಾಗೇ ಕೇಸಿನ ಒಳಗೂ ಇಣುಕಿ. 9 ಎಂಎಂ ಕೇಸು .40ರ ಒಳಗೆ (.40, .45 ಅಂದರೆ ಇಂಚಿನ ಲೆಕ್ಕದ ಗುಂಡಿನ ಅಳತೆ), .40 ಕೇಸು .45ರ ಒಳಗೆ ಸಲೀಸಾಗಿ ಕೂರುತ್ತದೆ. ಹಾಗೆ ಕೂತ ಜೋಡಿ ಟಂಬ್ಲರ್‌ನಲ್ಲಿ ತಿರುಗಿ ತಿರುಗಿ ಬಿಗಿದುಕೊಳ್ಳುತ್ತದೆ, ನಡುವೆ ನೀರೂ ಹೋಗುವುದಿಲ್ಲ, ಮೀಡಿಯಾವೂ (ಕೇಸಿನ ಜೊತೆ ಹಾಕಿ ಉಜ್ಜಿಸುವ ವಸ್ತು: ಒದ್ದೆ ಟಂಬ್ಲಿಂಗ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಪಿನ್ನು, ಒಣ ಟಂಬ್ಲಿಂಗ್‌ಗೆ ಸಿಪ್ಪೆಯ ಪುಡಿ) ಹೋಗುವುದಿಲ್ಲ. "ಕೆಲವು ಕೇಸು ಮಾತ್ರ ಯಾಕೋ ಕೊಳಕಾಗೇ ಉಳೀತವೆ" ಅನ್ನುವ ದೂರಿಗೆ ಎಷ್ಟೋ ಸಲ ಇದೇ ಉತ್ತರ. ಜರಡಿ ಹಿಡಿದು ವಿಂಗಡಿಸಿ ಆಮೇಲೆ ತೊಳೆಯಿರಿ.

ಕೆಂಪು, ಗುಲಾಬಿ ಬಣ್ಣ

ಎಲ್ಲರನ್ನೂ ಹೆದರಿಸುವುದು ಇದು. ಕೇಸಿನ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಆಸಿಡ್ ಜಾಸ್ತಿ ಹೊತ್ತು ತಗುಲಿದರೆ ಸತು ಮೊದಲು ಕರಗುತ್ತದೆ, ತಾಮ್ರ ಮೇಲೆ ಉಳಿಯುತ್ತದೆ, ಹಾಗಾಗಿ ಗುಲಾಬಿ ಬಣ್ಣ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಮೆತ್ತಿ ಮರೆತುಬಿಟ್ಟರೆ ಅಲ್ಲಲ್ಲಿ ಕೆಂಪಗಾಗುತ್ತದಲ್ವಾ, ಅದೇ ಕಥೆ. ಇಲ್ಲಿ ಹುಣಸೆಯ ಬದಲು ಲೆಮಿಶೈನ್ (ಸಿಟ್ರಿಕ್ ಆಸಿಡ್ ಇರುವ ಪಾತ್ರೆ ತೊಳೆಯುವ ಪುಡಿ) ಅಥವಾ ಬರೀ ಸಿಟ್ರಿಕ್ ಆಸಿಡ್, ಇಲ್ಲವೇ ಯಾರೋ ಹೇಳಿಕೊಟ್ಟ ವಿನೆಗರ್-ಉಪ್ಪು.

ಕಾರಣ ಮೂರರಲ್ಲಿ ಒಂದಿರುತ್ತದೆ. ಒಂದು, ಆಸಿಡ್ ಅಳತೆ ಮೀರಿದೆ. ಥಂಬ್ಲರ್ಸ್ ಮಾಡೆಲ್ ಬಿ ಎಂಬ ಟಂಬ್ಲರ್ ತರಹದ 15 ಪೌಂಡ್ ಡ್ರಮ್ಮಿಗೆ ಎಲ್ಲರೂ ಬಳಸುವ ಹದ ಇದು: 5 ಪೌಂಡ್ ಪಿನ್ನು, 2 ಪೌಂಡ್ ಕೇಸು, ಒಂದು ಗ್ಯಾಲನ್ ನೀರು, ಒಂದೆರಡು ದೊಡ್ಡ ಚಮಚ ಪಾತ್ರೆ ತೊಳೆಯುವ ಡಾನ್ ಸೋಪು, ಕಾಲು ಟೀ ಚಮಚ ಲೆಮಿಶೈನ್. ಕಾಲು ಟೀ ಚಮಚ ಅಂದರೆ ನಿಜವಾಗಿಯೂ ಕಾಲು ಟೀ ಚಮಚ. ಚಮಚದ ಗೋಜೇ ಬೇಡ ಅನ್ನುವವರು ಒಂದು ಪಿಸ್ತೂಲ್ ಕೇಸನ್ನೇ ಅಳತೆ ಪಾತ್ರೆ ಮಾಡಿಕೊಳ್ಳುತ್ತಾರೆ, ಒಂದು ಕೇಸು ತುಂಬಾ ಪುಡಿ, ಅಷ್ಟೇ. ಕಣ್ಣಂದಾಜಿಗೆ ಸುರಿಯುವುದಕ್ಕಿಂತ ಅದು ಎಷ್ಟೋ ವಾಸಿ. ಎರಡು, ಸಮಯ ಮೀರಿದೆ. ಡ್ರಮ್ಮು ನಿಂತ ಮೇಲೆ ಕೇಸನ್ನು ಅದೇ ನೀರಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೆಗೆದರೆ, ತಿರುಗಿಸಿದ್ದು ಬರೀ ಎರಡು ಗಂಟೆ ಆಗಿದ್ದರೂ ಆಸಿಡ್‌ಗೆ ಸಿಕ್ಕಿದ್ದು ಹನ್ನೆರಡು ಗಂಟೆ. ಮೂರು, ಮತ್ತು ಇದನ್ನು ಯಾರೂ ನೋಡುವುದಿಲ್ಲ, ಡ್ರಮ್ಮಿನೊಳಗೆ ಸ್ಟೀಲ್ ಕೇಸು ಸೇರಿಕೊಂಡಿದೆ. ಆಸಿಡ್ ನೀರಿನಲ್ಲಿ ಕರಗಿದ ತಾಮ್ರ ಕಬ್ಬಿಣದ ಸಂಪರ್ಕ ಸಿಕ್ಕ ಕೂಡಲೇ ವಾಪಸ್ ಬಂದು ಅಂಟಿಕೊಳ್ಳುತ್ತದೆ. ಸ್ಟೀಲ್ ಕೇಸೇ ತಾಮ್ರದ ಬಣ್ಣಕ್ಕೆ ತಿರುಗಿದ್ದರೆ ಬೇರೆ ಸಾಕ್ಷಿ ಬೇಡ. ಅದಕ್ಕೇ ಮೇಲೆ ಅಯಸ್ಕಾಂತ ಹಿಡಿಯಿರಿ ಅಂದದ್ದು.

ಈಗ ಕೇಸು ಉಳಿಯುತ್ತದೋ ಇಲ್ಲವೋ? ಲೂಪ್ ಹಿಡಿದು ನೋಡಿ. ಮೇಲ್ಮೈ ನುಣುಪಾಗಿದ್ದು ಬಣ್ಣ ಮಾತ್ರ ಬದಲಾಗಿದ್ದರೆ ಪದರ ತೀರಾ ತೆಳು. ಪಾಲಿಶ್ ಹಾಕಿದ ಕಾರ್ನ್ ಕಾಬ್‌ನಲ್ಲಿ (ಮೆಕ್ಕೆಜೋಳದ ದಿಂಡಿನ ಪುಡಿ) ಒಂದು ಗಂಟೆ ಓಡಿಸಿದರೆ ಹಳದಿ ವಾಪಸ್ ಬರುತ್ತದೆ, ಕೇಸನ್ನು ಬಳಸಬಹುದು. ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿಗಳು ಕಂಡರೆ, ಅಥವಾ ಕೆಂಪು ಮಚ್ಚೆ ಉಜ್ಜಿದಷ್ಟೂ ಹೋಗದೆ ಒಳಗಿನಿಂದಲೇ ಬಂದಂತಿದ್ದರೆ, ಇಕ್ಕಳದಲ್ಲಿ ಬಾಯಿ ಚಪ್ಪಟೆ ಮಾಡಿ ಗುಜರಿ ಡಬ್ಬಕ್ಕೆ ಹಾಕಿ. ರೈಫಲ್ ಕೇಸಿನ ವಿಷಯದಲ್ಲಂತೂ ಜುಗ್ಗತನ ಬೇಡ.

ಇನ್ನೊಂದು ಸುಳ್ಳು ಕೆಂಪು ಇದೆ. ಕೆಂಪು ರೂಜ್ ಹಾಕಿದ ವಾಲ್‌ನಟ್ ಸಿಪ್ಪೆ ಬಳಸಿದ್ದರೆ ಅದರ ಪುಡಿ, ಅಂದರೆ ಕಬ್ಬಿಣದ ಆಕ್ಸೈಡು, ಕೇಸಿನ ಒಳಗೂ ಹೊರಗೂ ಕೂತಿರುತ್ತದೆ. ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ, ಬೆರಳೆಲ್ಲ ಕೆಂಪಾಗುತ್ತದೆ. ದೋಷ ಅಲ್ಲ, ಕಿರಿಕಿರಿ ಅಷ್ಟೇ. ನಾನಂತೂ ಆ ಮೀಡಿಯಾ ಕೊಳ್ಳುವುದಿಲ್ಲ. ಸಾಕುಪ್ರಾಣಿ ಅಂಗಡಿಯಲ್ಲಿ ಹಲ್ಲಿ-ಓತಿಗಳ ಪೆಟ್ಟಿಗೆಗೆ ಹಾಸಲು ಮಾರುವ ಬರೀ ವಾಲ್‌ನಟ್ ಸಿಪ್ಪೆಯೇ ಸಾಕು, ಅಗ್ಗವೂ ಹೌದು.

ಬೂದು, ಕಪ್ಪು, ಮಂಕು

ಒದ್ದೆ ಟಂಬ್ಲಿಂಗ್‌ನಲ್ಲಿ ಕೇಸು ಬೂದಾಗಿ ಬಂದರೆ ಮೊದಲು ಡ್ರಮ್ಮಿನ ವಯಸ್ಸು ಕೇಳಿ. ಹೊಸ ರಬ್ಬರ್ ಲೈನರ್ ಮೊದಮೊದಲು ಕಪ್ಪು ಬಿಡುತ್ತದೆ. ಸೋಪು, ನೀರು, ಪಿನ್ನು ಮಾತ್ರ ಹಾಕಿ, ಇಲ್ಲವೇ ಗುಜರಿ ಕೇಸು ಹಾಕಿ ಒಂದೆರಡು ಸಲ ಸುಮ್ನೆ ಓಡಿಸಿ ನೀರು ಚೆಲ್ಲಿ. ಹಳೇ ಡ್ರಮ್ಮಾದರೆ ಅಲ್ಯೂಮಿನಿಯಂ ಕೇಸು ಸೇರಿದೆಯೇ ನೋಡಿ, ಅದು ಮೆತ್ತಗೆ, ತಾನು ಸವೆದು ಇಡೀ ರಾಶಿಗೆ ಬೂದಿ ಬಳಿಯುತ್ತದೆ. ಅದೂ ಇಲ್ಲವೆಂದರೆ ಸೋಪು ಕಡಿಮೆಯಾಗಿದೆ. ಡ್ರಮ್ಮು ತೆರೆದಾಗ ನೊರೆ ಇರಬೇಕು. ನೊರೆ ಸತ್ತು ನೀರು ಇದ್ದಿಲ ನೀರಿನಂತೆ ಕಂಡರೆ, ಬಿಟ್ಟ ಕೊಳೆಯೇ ತಿರುಗಿ ಕೇಸಿಗೆ ಅಂಟುತ್ತಿದೆ ಅಂತ. ಆಸಿಡ್ ಜಾಸ್ತಿ ಮಾಡಬೇಡಿ, ನೀರು ಬದಲಿಸಿ, ಕೇಸಿನ ಸಂಖ್ಯೆ ಇಳಿಸಿ.

ಒಣ ಟಂಬ್ಲಿಂಗ್‌ನಲ್ಲಿ ಮಂಕಾದರೆ ಮೀಡಿಯಾ ಸತ್ತಿದೆ, ಇಲ್ಲ ತಿರುಗುತ್ತಿಲ್ಲ. ಬಟ್ಟಲನ್ನು ಮೇಲಿಂದ ನೋಡಿ, ಕೇಸುಗಳು ಮುಳುಗಿ ಏಳುತ್ತಿರಬೇಕು. ಬರೀ ಮೇಲೆ ನಡುಗುತ್ತಾ ಕೂತಿದ್ದರೆ ತುಂಬಿದ್ದು ಜಾಸ್ತಿ ಆಗಿದೆ. ದ್ರವ ಪಾಲಿಶ್ ಹಾಕಿದ ಕೂಡಲೇ ಕೇಸು ಸುರಿದರೆ ಮೀಡಿಯಾ ಉಂಡೆ ಕಟ್ಟಿ ಕೇಸಿನೊಳಗೆ ಅಂಟುತ್ತದೆ. ಪಾಲಿಶ್ ಹಾಕಿ ಖಾಲಿ ಬಟ್ಟಲನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಆಮೇಲೆ ಕೇಸು.

ಕುತ್ತಿಗೆ (ಗುಂಡು ಹಿಡಿಯುವ ಮೇಲ್ಭಾಗ) ಹತ್ತಿರ ನೀಲಿ-ಕಂದು ಪಟ್ಟಿ ಕಾಣುವ ಕೇಸು ಸಿಕ್ಕರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಕಾರ್ಖಾನೆಯಲ್ಲಿ ಕುತ್ತಿಗೆ ಕಾಯಿಸಿ ಮೆದು ಮಾಡಿದಾಗ ಬಂದ ಬಣ್ಣ. ಸೈನ್ಯದ ಕೇಸು, ಲಾಪುವಾ ಕಂಪನಿಯ ಕೇಸುಗಳಲ್ಲಿ ಹಾಗೇ ಬಿಟ್ಟಿರುತ್ತಾರೆ. ಉಜ್ಜಿದರೆ ಹೋಗುತ್ತದೆ, ಹೋದರೂ ಮೆದುತನ ಹೋಗುವುದಿಲ್ಲ.

ಬಿರುಕು

ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕೆಂದರೆ ಬಣ್ಣ ಕೆಟ್ಟರೆ ಹೋಗುವುದು ಅಂದ, ಬಿರುಕು ಬಿಟ್ಟರೆ ಬಂದೂಕಿಗೂ ಮುಖಕ್ಕೂ ಅಪಾಯ.

ಸರಿಯಾಗಿ ತೊಳೆದು ಒಣಗಿಸಿ ಇಟ್ಟಿದ್ದ ಕೇಸಿನ ಕುತ್ತಿಗೆ ಯಾರೂ ಮುಟ್ಟದೆಯೇ ಉದ್ದಕ್ಕೆ ಸೀಳಿದ್ದರೆ ಮೊದಲ ಅನುಮಾನ ಅಮೋನಿಯಾ ಮೇಲೆ. ಇದು ಗೊತ್ತಾದದ್ದೇ ನಮ್ಮ ಕಡೆಯ ಮಳೆಗಾಲದಿಂದ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಸೈನ್ಯದ ತೋಟೆಗಳನ್ನು ಕುದುರೆ ಲಾಯಗಳ ಹತ್ತಿರ ಇಟ್ಟಿರುತ್ತಿದ್ದರು. ಮಳೆಗಾಲ ಬಂತೆಂದರೆ ಹಿತ್ತಾಳೆ ಕೇಸು ಗುಂಡು ಹಿಡಿದಿರುವ ಜಾಗದಲ್ಲಿ ತಾನೇ ಬಿರಿಯುತ್ತಿತ್ತು. ಇದರ ಗುಟ್ಟನ್ನು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಬಿಡಿಸಿ ಹೇಳಿದರು: ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಜೊತೆಗೆ ತಯಾರಿಸುವಾಗ ಲೋಹದಲ್ಲಿ ಉಳಿದ ಬಿಗಿತ. ಈ ಮೂರೂ ಸೇರಿದರೆ ಹಿತ್ತಾಳೆಯ ಕಣಗಳ ನಡುವೆ ಬಿರುಕು ಹರಿಯುತ್ತದೆ. ಕಾಯಿಸಿ ಬಿಗಿತ ತೆಗೆದರೆ, ಅಮೋನಿಯಾದಿಂದ ದೂರ ಇಟ್ಟರೆ ಸರಿಹೋಗುತ್ತದೆ.

ಈಗ ಲಾಯ ಇಲ್ಲ, ಆದರೆ ಬ್ರಾಸೋ ಇದೆ. ಅಮೋನಿಯಾ ಇರುವ ಲೋಹದ ಪಾಲಿಶ್, ಕಿಟಕಿ ಗಾಜು ಒರೆಸುವ ಕೆಲವು ದ್ರವಗಳು, ಇವನ್ನು ಮೀಡಿಯಾಕ್ಕೆ ಸುರಿಯುವವರು ಈಗಲೂ ಇದ್ದಾರೆ, ಮತ್ತು ಹೊಳಪು ಚೆನ್ನಾಗಿಯೇ ಬರುತ್ತದೆ ಅನ್ನುವುದೇ ತೊಂದರೆ. "ನಾನು ವರ್ಷಗಟ್ಟಲೆ ಹಾಕಿದ್ದೇನೆ, ಏನೂ ಆಗಿಲ್ಲ" ಅಂತಾರೆ. ಹೊಸ ಕೇಸಿಗೆ ಏನೂ ಆಗದಿರಬಹುದು, ಅದರ ಕುತ್ತಿಗೆಯನ್ನು ಕಾರ್ಖಾನೆಯಲ್ಲೇ ಕಾಯಿಸಿ ಮೆದು ಮಾಡಿರುತ್ತಾರೆ. ಆದರೆ ಪ್ರತಿ ಸಲ ಹೊಡೆದು, ಡೈನಲ್ಲಿ ಒತ್ತಿ, ಮತ್ತೆ ಹಿಗ್ಗಿಸಿದಾಗ ಆ ಕುತ್ತಿಗೆ ಗಡಸಾಗುತ್ತಾ ಬಿಗಿತ ತುಂಬಿಕೊಳ್ಳುತ್ತದೆ. ಆ ಹೊತ್ತಿಗೆ ಅಮೋನಿಯಾ ಸಿಕ್ಕರೆ ಬಿರುಕಿಗೆ ಬೇಕಾದದ್ದೆಲ್ಲ ಸಿಕ್ಕಂತೆ. ಡಬ್ಬದ ಮೇಲಿನ ಚೀಟಿ ಓದಿ, ಅಮೋನಿಯಾ ಇಲ್ಲದ ಟಂಬ್ಲರ್ ಪಾಲಿಶ್ ಬೇಕಾದಷ್ಟಿದೆ. ಮತ್ತೆ ಯಾವ ಕಾರಣಕ್ಕೂ ಅಮೋನಿಯಾ ಜೊತೆ ಬ್ಲೀಚ್ ಸೇರಿಸಬೇಡಿ, ಏಳುವ ಗಾಳಿ ವಿಷ.

ಹಾಗಂತ ಎಲ್ಲ ಸೀಳಿಗೂ ಅಮೋನಿಯಾವನ್ನೇ ಬೈಯಬೇಡಿ. ಸುಮಾರು ಸಲ ತುಂಬಿ ಹೊಡೆದ ಕೇಸಿನ ಕುತ್ತಿಗೆ ಬರೀ ಗಡಸಾಗಿಯೂ ಸೀಳುತ್ತದೆ. ವ್ಯತ್ಯಾಸ ಹೀಗೆ ನೋಡಿ: ಗಡಸಾಗಿ ಸೀಳಿದ್ದು ಸಾಮಾನ್ಯವಾಗಿ ಹೊಡೆದಾಗ ಅಥವಾ ಡೈನಲ್ಲಿ ಸೀಳುತ್ತದೆ, ಒಂದೇ ಸಲ ಬಳಸಿದ ಕೇಸಿನಲ್ಲಿ ಕಡಿಮೆ. ಪೆಟ್ಟಿಗೆಯಲ್ಲಿ ಇಟ್ಟಲ್ಲೇ, ಒಂದೇ ಸಲ ತೊಳೆದ ರಾಶಿಯಲ್ಲಿ ಬಹಳಷ್ಟು ಕೇಸು ಸೀಳಿದ್ದರೆ ಅದು ರಾಸಾಯನಿಕದ ಕೆಲಸ. ಆ ರಾಶಿಯಲ್ಲಿ ಸೀಳದವನ್ನೂ ಇಟ್ಟುಕೊಳ್ಳಬೇಡಿ.

ಇನ್ನು ಬುಡದ ಹತ್ತಿರ ಸುತ್ತಲೂ ಕಾಣುವ ಹೊಳೆಯುವ ಗೆರೆ. ಹೊಳಪು ಬಂದ ಮೇಲೆ ಇದು ಎದ್ದು ಕಾಣುತ್ತದೆ, ಟಂಬ್ಲರ್ ಮಾಡಿದ್ದು ಅಂದುಕೊಳ್ಳುತ್ತಾರೆ. ಅಲ್ಲ. ಡೈ ಎಲ್ಲಿಯವರೆಗೆ ಒತ್ತಿತೋ ಅಲ್ಲಿ ಒಂದು ಗೆರೆ ಬೀಳುವುದು ಸಹಜ, ಆದರೆ ಅದೇ ಜಾಗದ ಒಳಗೋಡೆ ತೆಳುವಾಗುತ್ತಾ ಬಂದಿದ್ದರೂ ಹೊರಗೆ ಹೀಗೇ ಕಾಣುತ್ತದೆ. ಪೇಪರ್ ಕ್ಲಿಪ್ ಬಿಚ್ಚಿ, ತುದಿಯನ್ನು ಒಂದು ಮಿಲಿಮೀಟರಿನಷ್ಟು ಬಗ್ಗಿಸಿ ಚೂಪು ಮಾಡಿ. ಕೇಸಿನೊಳಗೆ ಇಳಿಸಿ, ಬುಡದಿಂದ ಮೇಲಕ್ಕೆ ಗೋಡೆಗೆ ತಾಗಿಸಿಕೊಂಡು ಎಳೆಯಿರಿ. ತಗ್ಗಿಗೆ ಬಿದ್ದು ತಡೆದ ಹಾಗೆ ಅನಿಸಿದರೆ ಆ ಕೇಸು ಮುಂದಿನ ಗುಂಡಿಗೆ ಎರಡು ತುಂಡಾಗಬಹುದು, ಎಸೆಯಿರಿ. ನಯವಾಗಿ ಜಾರಿ ಬಂದರೆ ಬರೀ ಡೈ ಗುರುತು.

ಬಿಳಿ ಕಲೆ, ಬೇಗ ಮಂಕಾಗುವುದು

ಬಿಳಿ ಚುಕ್ಕೆ ಅಂದರೆ ಗಡಸು ನೀರು. ಬೆಂಗಳೂರಿನ ಬೋರ್‌ವೆಲ್ ನೀರಲ್ಲಿ ಬಕೆಟ್ಟು ಕಂಡವರಿಗೆ ಬೇರೆ ಹೇಳಬೇಕಿಲ್ಲ. ಇಲ್ಲಿ ಸ್ಯಾನ್ ಆಂಟೋನಿಯೋ ಕಡೆಯ ನೀರೂ ಸುಣ್ಣದ ಕಲ್ಲಿನಿಂದ ಬರುವುದೇ. ಕೊನೆಯ ಜಾಲಾಟವನ್ನು ಡಿಸ್ಟಿಲ್ಡ್ ನೀರಲ್ಲಿ ಮಾಡಿ ಟವೆಲ್ ಮೇಲೆ ಹೊರಳಿಸಿ. ಚಿಟಿಕೆ ಸಿಟ್ರಿಕ್ ಆಸಿಡ್ ಇರುವುದೂ ಮುಖ್ಯವಾಗಿ ಈ ಸುಣ್ಣವನ್ನು ಹಿಡಿದಿಡುವುದಕ್ಕೆ, ಅದಕ್ಕೇ ಪೂರ್ತಿ ಬಿಡಬೇಡಿ.

ಒದ್ದೆ ತೊಳೆದ ಕೇಸು ವಾರಗಳಲ್ಲೇ ಕಂದಾಗಲು ಶುರುವಾದರೆ ಸರಿಯಾಗಿ ಜಾಲಾಡಿಲ್ಲ ಅಥವಾ ಮೇಲೆ ಮೇಣದ ಪದರ ಇಲ್ಲ. ಸೋಪಿನ ಬದಲು ಕಾರ್ ತೊಳೆಯುವ ಮೇಣವಿರುವ ಶಾಂಪೂ ಬಳಸಿದರೆ ತಡವಾಗಿ ಕಂದಾಗುತ್ತದೆ. ಕಂದಾದ ಕೇಸು ಕೆಟ್ಟ ಕೇಸಲ್ಲ, ಮತ್ತೆ ತೊಳೆಯುವ ಅಗತ್ಯವೇ ಇಲ್ಲ. ಹಸಿರು ಕಿಲುಬು ಕಂಡರೆ ಮಾತ್ರ ಕೆರೆದು ಕೆಳಗೆ ಗುಳಿ ಇದೆಯೇ ನೋಡಿ.

ಒಳಗೆ ಸಿಕ್ಕಿಕೊಂಡದ್ದು

ಫ್ಲ್ಯಾಶ್ ಹೋಲ್ (ಪ್ರೈಮರ್‌ನ ಕಿಡಿ ಒಳಗೆ ಹೋಗುವ ಬುಡದ ತೂತು) ಅಗಲ ಸುಮಾರು 2 ಮಿಮೀ. ಒಂದು ಮಿಮೀ ಆಸುಪಾಸಿನ ದಪ್ಪದ ಪಿನ್ನು ಎರಡು ಜೊತೆಯಾಗಿ ನುಗ್ಗಿದರೆ ಬೆಣೆ ಹೊಡೆದ ಹಾಗೆ ಕೂರುತ್ತವೆ. .223 ರೈಫಲ್ ಕೇಸಿನ ಕುತ್ತಿಗೆಯಲ್ಲೂ ಪಿನ್ನಿನ ಗೊಂಚಲು ಅಡ್ಡ ಸಿಕ್ಕುತ್ತದೆ. ನೀರಿನೊಳಗೆ ಮುಳುಗಿಸಿ ತಿರುಗಿಸಿದರೆ ಹೆಚ್ಚಿನವು ಉದುರುತ್ತವೆ, ಗಾಳಿಯಲ್ಲಿ ಅಲ್ಲಾಡಿಸಿದರೆ ಒದ್ದೆ ಗೋಡೆಗೆ ಅಂಟಿಯೇ ಇರುತ್ತವೆ. ಆಮೇಲೆ ಪ್ರತಿ ಕೇಸನ್ನೂ ಬೆಳಕಿಗೆ ಹಿಡಿದು ಬುಡದ ತೂತಿನಿಂದ ಬೆಳಕು ದುಂಡಗೆ ಬರುತ್ತಿದೆಯೇ ನೋಡಿ. ಪ್ರತಿ ಕೇಸನ್ನೂ, ಒಂದನ್ನೂ ಬಿಡದೆ. ಉಳಿದ ಪಿನ್ನು ಗುಂಡಿನ ಜೊತೆ ಬ್ಯಾರಲ್‌ಗೆ ಹೋಗುತ್ತದೆ.

ಕಾರ್ನ್ ಕಾಬ್ ಕಾಳು ಸಿಕ್ಕಿಕೊಳ್ಳುತ್ತಿದ್ದರೆ ಉಪಾಯ ಸುಲಭ. ಒಣ ಟಂಬ್ಲಿಂಗ್ ಆದರೆ ಹಳೇ ಪ್ರೈಮರ್ ಇರುವಾಗಲೇ ಮಾಡಿ, ಕಾಳು ಹೋಗಲು ತೂತೇ ಇರುವುದಿಲ್ಲ. ಒದ್ದೆಯಾದರೆ ಉಲ್ಟಾ, ಪ್ರೈಮರ್ ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಅದರ ಹಿಂದೆ ನೀರು ಕೂತು ದಿನಗಟ್ಟಲೆ ಒಣಗುವುದಿಲ್ಲ. ಪ್ರೈಮರ್ ತೆಗೆಯುವ ಯೂನಿವರ್ಸಲ್ ಡಿಕ್ಯಾಪಿಂಗ್ ಡೈ ಕೇಸಿನ ಗೋಡೆಗೆ ತಾಗುವುದಿಲ್ಲ, ಕೊಳಕು ಕೇಸಿಗೂ ನಡೆಯುತ್ತದೆ.

ಬಾಯಿ ಮಡಚಿದೆ

ಉಗುರನ್ನು ಕೇಸಿನ ಬಾಯಿಯ ಒಳಗಿನಿಂದ ಹೊರಕ್ಕೆ ಎಳೆಯಿರಿ. ಗರಗಸದಂತೆ ಸಿಕ್ಕಿಕೊಂಡರೆ ಕೇಸುಗಳು ಒಂದಕ್ಕೊಂದು ಬಡಿದು ಅಂಚು ಮಡಚಿದೆ. ಗುಂಡು ಕೂರಿಸುವಾಗ ಇದು ತಾಮ್ರದ ಕವಚವನ್ನು ಹೆರೆಯುತ್ತದೆ. ಕಾರಣ, ಡ್ರಮ್ಮಿನಲ್ಲಿ ಕೇಸು ಕಡಿಮೆ, ಖಾಲಿ ಜಾಗ ಜಾಸ್ತಿ, ಸಮಯ ಜಾಸ್ತಿ. ನಾಲ್ಕು ಗಂಟೆಯ ಬದಲು ಒಂದು ಗಂಟೆ ಓಡಿಸಿ ನೋಡಿ, ಸ್ವಚ್ಛತೆಯಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆದದ್ದಕ್ಕೆ ಅಂಚು ಕೆರೆಯುವ ಚಾಂಫರ್ ಉಪಕರಣ ಒಂದೆರಡು ಸುತ್ತು.

ಒಣಗಿದೆಯಾ?

ಒಳಗೆ ಹನಿ ಉಳಿದರೆ ಪೌಡರ್ ಕೆಡುತ್ತದೆ. ಕಣ್ಣಿಗೆ ಕಾಣದಿದ್ದರೆ ಪೌಡರ್ ತಕ್ಕಡಿ ಇದೆಯಲ್ಲ. ಒಂದು ಹನಿ ನೀರು ಮುಕ್ಕಾಲು ಗ್ರೇನ್ (ಪೌಡರ್ ತೂಗುವ ಚಿಕ್ಕ ಅಳತೆ) ಹತ್ತಿರ ತೂಗುತ್ತದೆ, ತಕ್ಕಡಿ 0.1 ಗ್ರೇನ್ ತೋರಿಸುತ್ತದೆ. ಆದರೆ ಒಂದು ಕೇಸಿನ ತೂಕ ಇನ್ನೊಂದರ ಹಾಗಿರುವುದಿಲ್ಲ, ಬೇರೆ ಕೇಸಿನ ಜೊತೆ ಹೋಲಿಸಬೇಡಿ. ಐದಾರು ಕೇಸಿಗೆ ಗುರುತು ಹಾಕಿ ತೂಗಿ, ಇನ್ನೊಂದು ಗಂಟೆ ಒಣಗಿಸಿ ಅವನ್ನೇ ಮತ್ತೆ ತೂಗಿ. ತೂಕ ಇಳಿದಿದ್ದರೆ ಇನ್ನೂ ನೀರಿತ್ತು.

ಬಿಸಿ ಹಿಡಿಸುವುದಾದರೆ 100 ಡಿಗ್ರಿ ಸೆಲ್ಸಿಯಸ್ ದಾಟಬೇಡಿ. ಓವನ್ ಮುಳ್ಳಿನ ಮೇಲೆ ನಂಬಿಕೆ ಇಲ್ಲ, ಹಾಗಾಗಿ ನಾನು ಡಿಹೈಡ್ರೇಟರ್ (ತಿಂಡಿ ಒಣಗಿಸುವ ಯಂತ್ರ) ಕಡೆ. ಮರೆತು 250 ಡಿಗ್ರಿ ಮೇಲೆ ಗಂಟೆಗಟ್ಟಲೆ ಬಿಟ್ಟಿದ್ದರೆ ಕೇಸಿನ ಬುಡವೂ ಮೆದುವಾಗಿರಬಹುದು. ಬುಡ ಗಡಸಾಗಿಯೇ ಇರಬೇಕು, ಒತ್ತಡ ತಡೆಯುವುದು ಅದೇ. ಇದಕ್ಕೆ ರಿಪೇರಿ ಇಲ್ಲ, ಇಡೀ ರಾಶಿ ಗುಜರಿಗೆ.

ಆ ಡಿಹೈಡ್ರೇಟರ್‌ನಲ್ಲಿ ಆಮೇಲೆ ತಿಂಡಿ ಒಣಗಿಸಬೇಡಿ. ಪ್ರೈಮರ್ ಮಸಿಯಲ್ಲಿ ಸೀಸ ಇದೆ, ಒಣ ಮೀಡಿಯಾದ ಧೂಳಿನಲ್ಲೂ, ಒದ್ದೆ ಡ್ರಮ್ಮಿನ ಕಪ್ಪು ನೀರಿನಲ್ಲೂ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದಲ್ಲಿನ ಸೀಸಕ್ಕೆ ಇಟ್ಟಿದ್ದ ಉಲ್ಲೇಖ ಮಟ್ಟವನ್ನು ಡೆಸಿಲೀಟರಿಗೆ 5 ಮೈಕ್ರೋಗ್ರಾಂನಿಂದ 3.5ಕ್ಕೆ ಇಳಿಸಿತು, ಅಂದರೆ ಅಷ್ಟು ಚೂರಿಗೂ ಲೆಕ್ಕ ಇದೆ. ಅಡುಗೆಮನೆ ಸಿಂಕು, ಅಡುಗೆಯ ಜರಡಿ ಎರಡೂ ಬೇಡ. ಒಣ ಮೀಡಿಯಾವನ್ನು ಹೊರಗಡೆ ಜರಡಿ ಹಿಡಿಯಿರಿ, ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಡ್ರೈಯರ್ ಶೀಟಿನ ತುಂಡು ಹಾಕಿದರೆ ಧೂಳು ಸ್ವಲ್ಪ ಅದಕ್ಕೆ ಹಿಡಿಯುತ್ತದೆ.

ತೀರಾ ಸ್ವಚ್ಛವಾದರೆ

ಇದೂ ದೋಷವೇ. ಪಿನ್ನಿನಲ್ಲಿ ತೊಳೆದ ಕೇಸಿನ ಕುತ್ತಿಗೆಯೊಳಗೆ ಒಂದಿಷ್ಟೂ ಮಸಿ ಉಳಿಯುವುದಿಲ್ಲ, ಬರೀ ಲೋಹ. ಕುತ್ತಿಗೆಯನ್ನು ಒಳಗಿನಿಂದ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಹೊರಬರುವಾಗ ಕಿರ್ರ್ ಅನ್ನುತ್ತದೆ, ಒಂದೇ ಎಳೆತಕ್ಕೆ ಹಲವು ಕೇಸಿನ ಕೆಲಸ ಮಾಡುವ ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ಪೌಡರ್ ಸುರಿಯುವ ಫನಲ್ ಕೇಸನ್ನು ಬಿಡದೆ ಎಳೆದು ಇಡೀ ಪ್ರೆಸ್ ಅದುರುತ್ತದೆ, ಪಕ್ಕದ ಕೇಸಿನ ಪೌಡರ್ ಚೆಲ್ಲುತ್ತದೆ. ಡೈ ಸೆಟ್ಟಿಂಗ್ ತಿರುಗಿಸುತ್ತಾ ಕೂರಬೇಡಿ. ಒಣ ಗ್ರಾಫೈಟಿಗೆ ಬ್ರಷ್ ಅದ್ದಿ ಕುತ್ತಿಗೆಯೊಳಗೆ ಒಮ್ಮೆ ಆಡಿಸಿದರೆ ಸದ್ದು ನಿಲ್ಲುತ್ತದೆ. ನೂರಾರು ಪಿಸ್ತೂಲ್ ಕೇಸಿಗೆ ಬ್ರಷ್ ಆಡಿಸಲು ಯಾರಿಗೆ ಪುರುಸೊತ್ತು, ಅದಕ್ಕೆ ತೊಳೆದು ಒಣಗಿಸಿದ ರಾಶಿಯನ್ನು ಹಳೇ ಕಾರ್ನ್ ಕಾಬ್‌ನಲ್ಲಿ ಹದಿನೈದು ನಿಮಿಷ ತಿರುಗಿಸಿ. ಈಗ ಪ್ರೈಮರ್ ಇಲ್ಲದ ಕೇಸು ಅದು, ಆಮೇಲೆ ಫ್ಲ್ಯಾಶ್ ಹೋಲ್‌ಗಳನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ.